ಗುರಿ ಎಷ್ಟು ಆಳ

ಸಂದರ್ಶನದಲ್ಲಿ ನನ್ನ ಉತ್ತರ ಕೇಳಿ ಐವರು ಅಧಿಕಾರಿಗಳೂ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ನೇತ್ರಾವತಿಯ ಮೀನುಗಳೆಲ್ಲ ಹೆದರಿ, ಹೊಳೆ ದಾಟುವ ಪಾಣೆಮಂಗಳೂರಿನ ಸಂಕದ ಮೇಲಕ್ಕೆ ಹಾರಿ ಬಿದ್ದವು. ಬಂಟ್ವಾಳ ಪೇಟೆಯಲ್ಲಿ ಇವತ್ತು ಮೀನನ್ನು ಕೇಳುವವರೇ ಇರಲಿಲ್ಲ.

"ಯಾವ ಮೀನು?" ಎಂದು ಮಾವ ಕೇಳಿದರು.

"ಎಲ್ಲ ಜಾತಿಯದ್ದೂ ಇತ್ತು ಮಾವ. ಒಂದು ಮುಗುಡು ಬಸ್ಸಿನ ಕಿಟಕಿಯಿಂದ ಒಳಗೆ ಬಂದು ಕಂಡಕ್ಟರನ ಮಡಿಲಲ್ಲಿ ಕೂತಿತು. ಅವ ಅದಕ್ಕೂ ಟಿಕೇಟು ಹರಿದ."

ಮಾವ ನಗಲಿಲ್ಲ. ಬೆಳ್ತಂಗಡಿಯ ಆಚೆಯಿಂದ ಮಧ್ಯಾಹ್ನವೇ ನಾರಾವಿಗೆ ಬಂದು, ನಮ್ಮ ಜಗಲಿಯಲ್ಲಿ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮನುಷ್ಯ. ಮಾವ ಡೊಂಬಯ್ಯ ಎಂದರೆ ಆ ಕಡೆಯಲ್ಲಿ ಮಾತಿಗೆ ತಪ್ಪದವರು ಎಂದು ಹೆಸರು. ಕಳೆದ ಸಲ ಬಂದಾಗ ಇದೇ ಜಗಲಿಯಲ್ಲಿ ಹೇಳಿ ಹೋಗಿದ್ದರು: "ಕಾಲು ಕುಂಟಾದದ್ದು ನಿನ್ನ ತಪ್ಪಲ್ಲ ರುಕ್ಮಯ್ಯ. ಆದರೆ ಅಣ್ಣ ದುಡಿದು ಹಾಕಿದ್ದನ್ನು ಗಂಡ ಹೆಂಡತಿ ಇಬ್ಬರೂ ಎಷ್ಟು ದಿನ ಉಣ್ಣುವುದು? ಈ ಗುಮಾಸ್ತನ ಕೆಲಸ ಸಿಕ್ಕಿದರೆ ಸರಿ. ಇಲ್ಲದಿದ್ದರೆ ನನ್ನ ಮಗಳು ವಾರಿಜಾಕ್ಷಿಯನ್ನು ಕರ್ಕೊಂಡು ಹೋಗ್ತೇನೆ." ಇವತ್ತು ಅವರು ಬಂದದ್ದು ಅದಕ್ಕೇ.

ನನ್ನ ಕಾಲಿನ ಕಥೆಯನ್ನೂ ಹೇಳಿಬಿಡುತ್ತೇನೆ. ಊರಲ್ಲಿ ಕೇಳಿದರೆ ಹುಲಿ ಎನ್ನುತ್ತಾರೆ, ಯಾಕೆಂದರೆ ನಾನೇ ಹಾಗೆ ಹೇಳಿಟ್ಟಿದ್ದೇನೆ. ಹುಲಿ ನನ್ನ ಮೊಣಕಾಲು ಹಿಡಿದಾಗ ನಾನು ಅದರ ಕಿವಿ ಹಿಡಿದೆ, ಕೊನೆಗೆ ಅದೇ ಮೊದಲು ಬಿಟ್ಟಿತು. ಕಾಲುಸಂಕದಲ್ಲಿ ಗೊಬ್ಬರದ ಬುಟ್ಟಿ ಹೊತ್ತು ಜಾರಿಬಿದ್ದೆ ಎಂದು ಅಣ್ಣ ಚನಿಯಪ್ಪ ಹೇಳುವುದುಂಟು. ಅಣ್ಣನಿಗೆ ಕಲ್ಪನೆ ಕಡಿಮೆ.

"ಮೀನು ಇರಲಿ," ಎಂದರು ಮಾವ. "ಒಳಗೆ ಎಂಥ ಕೇಳಿದರು, ಅದು ಹೇಳು."

ಕರೆಂಟಿನ ಆಫೀಸಿಗೆ ಜನ ತೆಗೆದುಕೊಳ್ಳುತ್ತಿದ್ದ ವರ್ಷ ಅದು. ಬಂಟ್ವಾಳದಿಂದ ನಾರಾವಿಯವರೆಗೆ ಮಾರ್ಗದ ಬದಿಯಲ್ಲಿ ಎಲ್ಲಿ ನೋಡಿದರೂ ಕಂಬಕ್ಕೆ ಹೊಂಡ ತೋಡುವವರು. ಸಂದರ್ಶನ ಇದ್ದದ್ದು ಬಂಟ್ವಾಳದ ಪ್ರವಾಸಿ ಬಂಗಲೆಯಲ್ಲಿ. ನಾನು ಒಳಗೆ ಕಾಲಿಟ್ಟದ್ದೇ ಜವಾನ ಹುಕ್ರಪ್ಪ ನನಗೆ ಕೈಮುಗಿದದ್ದನ್ನೂ, ಸಾಹೇಬರುಗಳು ತಮ್ಮ ಚಾ ನನಗೆ ಕೊಟ್ಟದ್ದನ್ನೂ, ನನ್ನ ಅಕ್ಷರ ನೋಡಿದ ಒಬ್ಬರು ಅದನ್ನು ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗಹಾಕುತ್ತೇನೆ ಎಂದದ್ದನ್ನೂ ನಾನು ವಿಸ್ತಾರವಾಗಿ ಹೇಳಿದೆ. ಬಾಗಿಲ ಸಂದಿಯಲ್ಲಿ ವಾರಿಜಾಕ್ಷಿ ನಿಂತಿದ್ದಳು. ನನ್ನ ಸುಳ್ಳುಗಳಲ್ಲಿ ಯಾವುದು ಎಷ್ಟು ಉದ್ದ ಎಂದು ಅಳೆಯಬಲ್ಲವಳು. ಆದರೂ ಇವತ್ತು ನಂಬುವ ಆಸೆ ಅವಳ ಮುಖದಲ್ಲಿತ್ತು.

"ಕಡೆಗೆ ದೊಡ್ಡ ಸಾಹೇಬರು," ಎಂದೆ. "ಮೈಸೂರಿನವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: 'ಮುಂದಿನ ಐದು ವರ್ಷಕ್ಕೆ ನಿಮ್ ಗುರಿ ಏನ್ರೀ?'"

ಮನೆಯಲ್ಲಿ ನಾವು ಆಡುವುದು ತುಳು. ಆ ಒಂದು ಮಾತನ್ನು ಮಾತ್ರ ನಾನು ಸಾಹೇಬರ ಧಾಟಿಯಲ್ಲೇ, ಕನ್ನಡದಲ್ಲಿ, ಮೂಗಿನಿಂದ ಹೇಳಿ ತೋರಿಸಿದೆ. ಅಲ್ಲೇ ನಾನು ಕೆಟ್ಟೆ.

ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಆ ದಿನ ಮೊದಲ ಬಾರಿಗೆ ಅವರ ಮುಖ ಅರಳಿತು. ತಮಗೆ ಗೊತ್ತಿರುವ ವಿಷಯ ಬಂದಿತ್ತು. "ಗುರಿಯಾ? ಅದು ಮಣ್ಣು ನೋಡಿ ಹೇಳ್ಬೇಕಷ್ಟೆ ಮಾರಾಯ. ಕಂಬಕ್ಕಾದರೆ ನಾಲ್ಕೂವರೆ ಅಡಿ ಆಳ ಬೇಕು. ಅಡಿಯಲ್ಲಿ ಮುರಕಲ್ಲು ಸಿಕ್ಕಿದರೆ ದಿನಕ್ಕೆ ಒಂದು ಗುರಿ ತೋಡುವಾಗ ಸೊಂಟ ಬೀಳ್ತದೆ."

ವಾರಿಜಾಕ್ಷಿಗೆ ನಗು ತಡೆಯಲಾಗಲಿಲ್ಲ. ಎಂಟನೆಯವರೆಗೆ ಶಾಲೆಗೆ ಹೋದವಳು. "ಅಯ್ಯೋ ಅಪ್ಪ, ಅದು ನಮ್ಮ ತುಳುವಿನ ಗುರಿ ಅಲ್ಲ, ಹೊಂಡ ಅಲ್ಲ! ಕನ್ನಡದ ಗುರಿ. ಮುಂದೆ ಎಂಥ ಆಗ್ಬೇಕು ಅಂತ ಮನಸ್ಸಿನಲ್ಲಿ ಉಂಟು, ಅಂತ ಕೇಳುವುದು. ಸಾಹೇಬರು ಗುಮಾಸ್ತನ ಹತ್ರ ಹೊಂಡದ ವಿಚಾರ ಕೇಳ್ತಾರಾ?"

"ಹೌದಾ? ಹಾಗೂ ಒಂದು ಉಂಟಾ?" ಎಂದು ಮಾವ ತಾವೇ ನಕ್ಕರು. ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿ ಇನ್ನಷ್ಟು ನಕ್ಕರು. "ನಾನು ಹೋಗಿದ್ದರೆ ಕೆಲಸ ಆದ ಹಾಗೆಯೇ!"

ನಾರಾವಿಯಲ್ಲಿ ಯಾರು ಎಡವಿದರೂ ಮೊದಲು ನಗುವವನು ನಾನು. ಈಗ ನಗಬೇಕು ಎಂದು ಗೊತ್ತಿತ್ತು. ಬಾಯಿಯನ್ನು ನಗುವ ಆಕಾರಕ್ಕೆ ತಂದೆ ಕೂಡ. ಅದು ಅಲ್ಲಿ ನಿಲ್ಲಲಿಲ್ಲ.

ಅವಳ ನಗು ನಿಂತಿತು. "ಇವರೇ," ಎಂದಳು, "ನೀವು ಎಂಥ ಹೇಳಿದ್ದು?"

"ನಾನಾ? ನಾನು ಹೇಳಿದ್ದಕ್ಕೇ ಅಲ್ಲವಾ ಐವರೂ ಎದ್ದು..."

"ಎಂಥ ಹೇಳಿದ್ದು?"

"ನಾಲ್ಕೂವರೆ ಅಡಿ," ಎಂದೆ.

ಮತ್ತೆ ಮುಚ್ಚಿಡಲು ಏನೂ ಉಳಿದಿರಲಿಲ್ಲ, ಎಲ್ಲ ಹೇಳಿಬಿಟ್ಟೆ. ಇದ್ದದ್ದು ಮೂವರು, ಐವರಲ್ಲ. ಯಾರೂ ಏಳಲಿಲ್ಲ. ಚಪ್ಪಾಳೆ ಎಂದದ್ದು, ಒಬ್ಬರು ನಗುತ್ತಾ ಮೇಜಿಗೆ ಬಡಿದ ಸದ್ದು. ದಾರಿಯುದ್ದಕ್ಕೂ ಹೊಂಡಗಳನ್ನೇ ನೋಡಿಕೊಂಡು ಹೋದವನಿಗೆ ಬೇರೆ ಅರ್ಥ ಹೊಳೆಯಲೇ ಇಲ್ಲ. ಗುಮಾಸ್ತನಿಗೂ ಹೊಂಡದ ಲೆಕ್ಕ ಗೊತ್ತಿರಬೇಕೇನೋ ಎಂದುಕೊಂಡೆ. ಐದು ವರ್ಷಕ್ಕೆ ಎಷ್ಟು ಎಂದು ಈಗಲೇ ಹೇಳಲಿಕ್ಕಾಗುವುದಿಲ್ಲ ಸಾರ್, ಮಳೆಗಾಲದಲ್ಲಿ ನೀರು ತುಂಬುತ್ತದೆ ಎಂದೂ ಸೇರಿಸಿದೆ. ದೊಡ್ಡ ಸಾಹೇಬರು ಮಾತ್ರ ನಗದೆ ನನ್ನ ಕಾಲು ನೋಡಿ, "ಈ ಕಾಲಲ್ಲಿ ನೀವು ತೋಡ್ತೀರಾ?" ಎಂದು ಕೇಳಿದರು. ಕೆಲಸ ನಿಂತಿರುವುದು ಇದರ ಮೇಲೆಯೇ ಎಂದು ನನಗೆ ಖಾತ್ರಿಯಾಯಿತು. ಎದ್ದು ನಿಂತೆ. ಕೆಟ್ಟ ಕಾಲನ್ನು ಹಿಂದಕ್ಕೆ ಚಾಚಿ, ಬಗ್ಗಿ, ಇಲ್ಲದ ಪಿಕ್ಕಾಸನ್ನು ಎರಡೂ ಕೈಯಲ್ಲಿ ಎತ್ತಿ ಸಿಮೆಂಟಿನ ನೆಲಕ್ಕೆ ಹೊಡೆದು ತೋರಿಸಿದೆ. "ತೋಡ್ತೇನೆ ಸಾರ್." ಆಗ ಮೇಜಿಗೆ ಬಡಿದವರೂ ನಗುವುದನ್ನು ನಿಲ್ಲಿಸಿದರು. "ಆಯ್ತು, ಹೋಗ್ಬನ್ನಿ," ಎಂದರು ದೊಡ್ಡ ಸಾಹೇಬರು.

"ಬಸ್ಸಿನಲ್ಲಿ ಪಕ್ಕ ಕೂತವ ರಹ್ಮತ್ ಅಂತ," ಎಂದೆ ಮಾವನಿಗೆ. "ನನ್ನ ಹಿಂದೆ ಒಳಗೆ ಹೋದವ. ಸಿದ್ಧಕಟ್ಟೆ ಬರುವಾಗ ಹೇಳಿದ, 'ನನ್ನ ಗುರಿ ಕೇಳಿದರು, ಇಲಾಖೆಯ ಪರೀಕ್ಷೆ ಬರೆದು ಮೇಲೆ ಬರ್ಬೇಕು ಅಂದೆ' ಅಂತ. ಆಗ ನನಗೆ ಶಾಲೆಯಲ್ಲಿ ಕಲಿತದ್ದು ನೆನಪಾಯಿತು. ಅಲ್ಲೇ ಇಳಿದೆ. ಎದುರಿನಿಂದ ಬಂದ ಬಸ್ಸು ಹತ್ತಿ ತಿರುಗಿ ಬಂಟ್ವಾಳಕ್ಕೆ ಹೋದೆ. ಹುಕ್ರಪ್ಪ ಬಾಗಿಲಿಗೆ ಬೀಗ ಹಾಕ್ತಾ ಇದ್ದ. ಒಂದು ಮಾತು ಸರಿಮಾಡ್ಲಿಕ್ಕುಂಟು, ಒಂದೇ ಒಂದು ಶಬ್ದ ಅಂದೆ. 'ಶಬ್ದ ಯಾರಿಗೆ ಹೇಳ್ತಿ ಮಾರಾಯ, ಸಾಹೇಬರ ಜೀಪು ಮಂಗಳೂರಿಗೆ ಹೋಗಿ ಆಯಿತು' ಅಂದ."

ಅಂಗಳದ ಬಿಸಿಲು ತುಳಸಿಕಟ್ಟೆಯಿಂದ ಇಳಿದಿತ್ತು. ಸುಣ್ಣ ಹಚ್ಚಿದ ಎಲೆ ಮಾವನ ಬೆರಳುಗಳ ನಡುವೆ ಹಾಗೇ ಇತ್ತು.

"ನಾನಾದರೂ ಅದನ್ನೇ ಹೇಳ್ತಿದ್ದೆ," ಎಂದರು. ಮತ್ತೆ ಕುಹಕವಿಲ್ಲದೆ, ನಿಜವಾಗಿ ತಿಳಿಯಬೇಕು ಎಂಬಂತೆ ಕೇಳಿದರು: "ಈಗ ಅರ್ಥ ಆಯಿತಲ್ಲ. ಆ ಕನ್ನಡದ ಗುರಿ, ಅದು ನಿನ್ನಲ್ಲಿ ಉಂಟಾ?"

ಬೇರೆ ದಿನವಾಗಿದ್ದರೆ ನಾನು ಮದರಾಸಿನವರೆಗೆ ಕಂಬ ನೆಡಿಸುತ್ತಿದ್ದೆ. ಸಮುದ್ರದ ಮೇಲೆ ತಂತಿ ಎಳೆಸುತ್ತಿದ್ದೆ.

"ಇಲ್ಲ ಮಾವ," ಎಂದೆ. "ಸರಿಯಾಗಿ ಅರ್ಥ ಆಗಿದ್ದರೂ ನನಗೆ ಹೇಳ್ಲಿಕ್ಕೆ ಏನೂ ಇರಲಿಲ್ಲ. ಇವಳು ಇಲ್ಲಿಯೇ ಇರ್ಬೇಕು ಅಂತ ಇತ್ತು. ಅಷ್ಟೇ ಇದ್ದದ್ದು. ಅದನ್ನು ಸಾಹೇಬರ ಎದುರು ಹೇಗೆ ಹೇಳುವುದು?"

ತಿರುಗಿ ನೋಡಿದೆ. ವಾರಿಜಾಕ್ಷಿ ಬಾಗಿಲಲ್ಲಿ ಇರಲಿಲ್ಲ. ಮಾರ್ಗದ ತಿರುವಿನಲ್ಲಿ ಬೆಳ್ತಂಗಡಿಯ ಬಸ್ಸು ಹಾರ್ನ್ ಹಾಕಿತು. ಮಾವ ಎಲೆಯನ್ನು ಮಡಚಿದರು, ಬಾಯಿಗೆ ಹಾಕಲಿಲ್ಲ. ಒಳಕೋಣೆಯಿಂದ ಅವಳ ತಗಡಿನ ಪೆಟ್ಟಿಗೆಯ ಕೊಂಡಿಯ ಸದ್ದು ಬಂತು. ಬಟ್ಟೆ ತುಂಬಲಿಕ್ಕೆ ತೆಗೆದದ್ದೋ, ಬೇಡವೆಂದು ಹಾಕಿದ್ದೋ, ನಮ್ಮಿಬ್ಬರಿಗೂ ತಿಳಿಯಲಿಲ್ಲ.