ಸಾವಿನ ಮನೆಯ ವಾಕ್ಯ

ಯುದ್ಧದ ಎರಡನೆಯ ವರ್ಷ ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವುದನ್ನು ಬಿಟ್ಟು, ಶತ್ರುಗಳ ಗುಪ್ತ ವೈರ್‌ಲೆಸ್ ಸಂದೇಶಗಳನ್ನು ಬಿಡಿಸುವ ಕೆಲಸಕ್ಕೆ ಸೇರಿದೆ. ಮುಚ್ಚಿಹೋದ ಬಟನ್ ಕಾರ್ಖಾನೆಯ ಮಹಡಿಯೇ ನಮ್ಮ ಕಚೇರಿ. ಎಂಟು ಜನ ಹೆಂಗಸರು, ಚೌಕುಳಿ ಕಾಗದ, ಮೊಂಡು ಪೆನ್ಸಿಲ್, ಜೋರಾಗಿ ಸೀನಿದರೆ ಹಾರಿಹೋಗುವ ಚೀಟಿಗಳು. ಮನೆಯಲ್ಲಿ ತುಟಿ ಬಿಚ್ಚಕೂಡದೆಂದು ಸಹಿ ಹಾಕಿಸಿಕೊಂಡಿದ್ದರು. ಗುಟ್ಟು ಕಾಯುವುದರಲ್ಲಿ ನಾನು ಗಟ್ಟಿಗಿತ್ತಿ. ಆ ಹೆಮ್ಮೆಯೇ ನನ್ನನ್ನು ಹಾಳುಮಾಡಿತು.

ಅಣ್ಣ ನಮ್ಮ ಬೀದಿಯ ಪ್ರಾರ್ಥನಾ ಮಂದಿರದ ಗುರು. ದಿನಕ್ಕೊಂದರಂತೆ ಓದಬೇಕಾದ ವಾಕ್ಯಗಳ ಪುಸ್ತಕ ನಮ್ಮ ಧರ್ಮದವರ ಮನೆಮನೆಯಲ್ಲೂ ಇತ್ತು. ಗಡಿಯ ಆಚೆಗೂ ಅದೇ ಧರ್ಮ, ಅದೇ ಪುಸ್ತಕ. ಎರಡೂ ಕಡೆಯವರು ಒಬ್ಬನೇ ದೇವರ ಹತ್ತಿರ ಗೆಲುವು ಕೇಳುತ್ತಿದ್ದೆವು. ಅವನ ಪಾಡು ಅವನಿಗೇ ಗೊತ್ತು.

ಆಚೆ ಕಡೆಯ ಸೈನ್ಯದಲ್ಲಿ ಒಬ್ಬ ವೈರ್‌ಲೆಸ್‌ನವನಿದ್ದ. ಬೆಳಗಿನ ಮೊದಲ ಸಂದೇಶ ಬರಿಯ ಪರೀಕ್ಷೆಗೆ. ಅದರಲ್ಲಿ ಬಾಯಿಗೆ ಬಂದದ್ದನ್ನು ಕಳಿಸಬಹುದಿತ್ತು. ಇವನು ಮಾತ್ರ ತಪ್ಪದೆ ಆ ದಿನದ ವಾಕ್ಯ ಕಳಿಸುತ್ತಿದ್ದ. ನಾವು ಅವನಿಗೆ 'ಭಕ್ತ' ಎಂದು ಹೆಸರಿಟ್ಟೆವು. ಒಳಗಿನ ಮಾತು ಏನೆಂದು ಮೊದಲೇ ಗೊತ್ತಿದ್ದರೆ ಆ ದಿನದ ಬೀಗದ ಕೈ ಸಿಕ್ಕಂತೆಯೇ. ಭಕ್ತನ ದಯೆಯಿಂದ ಹತ್ತು ಗಂಟೆಯೊಳಗೆ ಅವರ ಸೈನ್ಯದ ಮಾತೆಲ್ಲ ನಮ್ಮ ಮೇಜಿನ ಮೇಲಿರುತ್ತಿತ್ತು.

ಒಂದು ಮಂಗಳವಾರ ವಾಕ್ಯ ಹೊಂದಲಿಲ್ಲ. ಬುಧವಾರವೂ ಇಲ್ಲ. ನಮ್ಮ ಮೇಲಿನ ಕ್ಯಾಪ್ಟನ್ ಮುಖ ಗಂಟು ಹಾಕಿಕೊಂಡು ಓಡಾಡಿದರು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವಳು ಏನೂ ಅರಿಯದವಳ ಹಾಗೆ ಕೇಳಿದೆ.

"ಅಣ್ಣಾ, ದಿನದ ವಾಕ್ಯ ಬಿಟ್ಟು ಬೇರೆ ಓದೋದು ಯಾವಾಗ?"

"ಮನೇಲಿ ಸಾವಾದಾಗ. ಮೂರು ದಿನ ಸಾವಿನ ವಾಕ್ಯಾನೇ ಓದ್ಬೇಕು. ಯಾಕೆ ತಾಯಿ, ಯಾರಿಗೇನಾಯ್ತು?"

"ನನ್ನ ಜೊತೆ ಕೆಲಸ ಮಾಡೋರೊಬ್ಬರ ಮನೇಲಿ."

ಸುಳ್ಳು ಅಷ್ಟು ಸಲೀಸಾಗಿ ಬಂತು. ಅಣ್ಣ ವಾಕ್ಯ ಹೇಳಿದ, ನಾನು ಬರೆದುಕೊಂಡೆ. "ಪಾಪ, ಅವರಿಗೋಸ್ಕರ ನಾನೂ ಮೂರು ದಿನ ಪ್ರಾರ್ಥನೆ ಮಾಡ್ತೀನಿ," ಎಂದ.

ವಾಕ್ಯ ಅಕ್ಷರ ಬಿಡದೆ ಹೊಂದಿತು. ಅಂದರೆ ಭಕ್ತನ ಮನೆಯಲ್ಲಿ ಯಾರೋ ಸತ್ತಿದ್ದರು. ತಾಯಿಯೋ, ಹೆಂಡತಿಯೋ, ಮಗುವೋ. ನಾನು ಅದನ್ನು ಯೋಚಿಸಿದ್ದು ಒಂದೇ ಗಳಿಗೆ, ಯಾಕೆಂದರೆ ಮುಂದಿನ ಸಂದೇಶದಲ್ಲಿ ಅವನ ದಳ ಗುರುವಾರ ಬೆಳಿಗ್ಗೆ ಯಾವ ಸೇತುವೆ ದಾಟುತ್ತದೆಂಬ ಸುದ್ದಿಯಿತ್ತು. ಗುರುವಾರ ನಮ್ಮ ವಿಮಾನಗಳು ಆ ಸೇತುವೆಯನ್ನು ಪುಡಿಮಾಡಿದವು. ಕ್ಯಾಪ್ಟನ್ ಎಲ್ಲರೆದುರು ನನ್ನ ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ. ಶುಕ್ರವಾರ ಬೆಳಿಗ್ಗೆ ಭಕ್ತನ ಸದ್ದಿರಲಿಲ್ಲ. ಆಮೇಲೂ ಬರಲಿಲ್ಲ.

ಆ ಶುಕ್ರವಾರ ಸಂಜೆಯೇ ಅಣ್ಣ, "ಇವತ್ತು ಮೂರನೇ ದಿನ, ನೀನೂ ಬಾ," ಎಂದು ಕರೆದ. ಆ ಮನೆಯವರಿಗೆ ಬದುಕುವ ಧೈರ್ಯ ಕೊಡು ಎಂದು ಅವನು ಬೇಡಿಕೊಳ್ಳುತ್ತಿದ್ದ. ನಾನು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಸಹಿ ಗಿಹಿ ಅತ್ತಲಾಗೆ ಇರಲಿ, ಆಗಲೇ ಹೇಳಬೇಕಿತ್ತು. ಇವತ್ತಿಗೂ ಹಾಗನ್ನಿಸುತ್ತದೆ.

ಹೇಳಿದ್ದು ಮೂವತ್ತು ವರ್ಷದ ಮೇಲೆ, ಬಾಯಿ ಬಿಡಬಹುದೆಂದು ಸರ್ಕಾರ ಅಪ್ಪಣೆ ಕೊಟ್ಟಾಗ. ಅಣ್ಣ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಕೇಳಿದ.

"ಅವನ ಮನೇಲಿ ಸತ್ತಿದ್ದು ಯಾರು?"

"ಗೊತ್ತಿಲ್ಲ ಅಣ್ಣ."

"ಯುದ್ಧ ಮುಗಿದ ಮೇಲಾದ್ರೂ ವಿಚಾರಿಸಲಿಲ್ವಾ?"

"ಇಲ್ಲ. ಆದ್ರೆ ಆ ಸೇತುವೆ ಉಳಿದಿದ್ರೆ ನಮ್ಮೋರು ಸಾಯ್ತಿದ್ರು."

"ಅದು ನನಗೂ ಗೊತ್ತು. ನಾನು ಕೇಳಿದ್ದು ಅದಲ್ಲ."

ಆಮೇಲೆ ಅಣ್ಣ ನಾಲ್ಕು ವರ್ಷ ಬದುಕಿದ್ದ. ಹೋದಾಗಲೆಲ್ಲ ಚಹಾ ಮಾಡಿಕೊಡುತ್ತಿದ್ದ, ನನ್ನ ಮಂಡಿನೋವು ವಿಚಾರಿಸುತ್ತಿದ್ದ, ತಮಾಷೆಯನ್ನೂ ಮಾಡುತ್ತಿದ್ದ. ಆದರೆ ಅವನು ವಾಕ್ಯ ಓದುತ್ತಿರುವಾಗ ನಾನು ಒಳಗೆ ಕಾಲಿಟ್ಟರೆ, ಅರ್ಧಕ್ಕೇ ನಿಲ್ಲಿಸಿ ಪುಸ್ತಕ ಮುಚ್ಚಿಬಿಡುತ್ತಿದ್ದ.