ಎಲ್ಲ ಸಾಲೂ ಹಸಿರು

ಟೆರ್‌ಹಾರ್ ಉಪ್ಪಿನಕಾಯಿ ಕಂಪನಿಯಲ್ಲಿ ಸೋಮವಾರ ಬೆಳಿಗ್ಗೆ ಶೀಟಿನ ದರ್ಶನ. ಮಾರ್ಕೆಟಿಂಗ್ ಮುಖ್ಯಸ್ಥ ಡೆರಿಕ್ ತನ್ನ ಎಕ್ಸೆಲ್ ಶೀಟನ್ನು ಗೋಡೆಯ ಮೇಲೆ ಆಳೆತ್ತರಕ್ಕೆ ಮೂಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ತಾನೇ ತಲೆದೂಗುತ್ತಾನೆ. ಕಂಪನಿಯ ಆನ್‌ಲೈನ್ ಪೇಜಿಗೆ ಯಾವ ದಿನ ಯಾವ ಪೋಸ್ಟ್, ಬರೆಯುವವರು ಯಾರು, ಪರಿಶೀಲಿಸುವವರು ಯಾರು, ಎಷ್ಟು ಲೈಕು ಬಂತು, ಎಲ್ಲಕ್ಕೂ ಒಂದೊಂದು ಕಾಲಂ. ಬಾಕಿ ಇದ್ದರೆ ಕೆಂಪು, ಅರ್ಧ ಆಗಿದ್ದರೆ ಹಳದಿ, ಮುಗಿದರೆ ಹಸಿರು. ಬಣ್ಣ ಬಳಿಯುವುದನ್ನೇ ಕೆಲಸ ಎಂದು ತಿಳಿದ ಮಹಾನುಭಾವ ಅವನು. ಉಪ್ಪಿನಕಾಯಿಯನ್ನು ಮಾತ್ರ ಮುಟ್ಟುವುದಿಲ್ಲ, ಎದೆ ಉರಿಯುತ್ತದಂತೆ.

ಆ ಸಾಲುಗಳಿಗೆಲ್ಲ ಮಾತು ತುಂಬುವವಳು ಲೋರ್ನಾ. ಐವತ್ತು ದಾಟಿದವಳು, ಹಿಂದೆ ಊರ ಪತ್ರಿಕೆಗೆ ಬರೆಯುತ್ತಿದ್ದವಳು. ಪತ್ರಿಕೆ ಮುಚ್ಚಿದ ಮೇಲೆ ಉಪ್ಪಿನಕಾಯಿ ಜಾಡಿಯ ಸೌತೆಕಾಯಿ ಬಾಯಲ್ಲಿ ಜೋಕು ಹೇಳಿಸುವ ಪಾಡು ಬಂತು. 'ಕರುಂಕುರುಂ ಮಂಗಳವಾರ' ಎಂದು ಬರೆಯುವಾಗಲೆಲ್ಲ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಬರೆಯುತ್ತಿದ್ದಳು, ಹಸಿರು ಬಳಿಯುತ್ತಿದ್ದಳು, ಮರೆಯುತ್ತಿದ್ದಳು. ಹೊತ್ತಿಗೆ ಸರಿಯಾಗಿ ಪೋಸ್ಟು ಹಾಕಲು ಒಂದು ಕಂಪ್ಯೂಟರ್ ಪ್ರೋಗ್ರಾಂ ಇತ್ತು. ಹಾಕಿದ್ದನ್ನು ಹೋಗಿ ನೋಡುವಷ್ಟು ಮರ್ಯಾದೆಯನ್ನು ಅವಳು ಆ ಪೇಜಿಗೆ ಯಾವತ್ತೂ ಕೊಟ್ಟವಳಲ್ಲ. ಇಷ್ಟೆಲ್ಲ ಹೇಸಿಕೊಂಡೂ ಅಲ್ಲೇ ಕೂತಿದ್ದುದು ಗಂಡ ವೆಂಡೆಲ್‌ನ ಸೊಂಟಕ್ಕಾಗಿ. ಸವೆದ ಕೀಲು ಬದಲಿಸುವ ಆಪರೇಷನ್ ಜನವರಿಗೆ ನಿಗದಿಯಾಗಿತ್ತು. ಖರ್ಚೆಲ್ಲ ಅವಳ ಕೆಲಸದ ವಿಮೆಯ ಮೇಲೆ. ಕೆಲಸ ಹೋದರೆ ವಿಮೆಯೂ ಹೋಯಿತು.

ಚರ್ಚು ಮುಗಿದು ಎಲ್ಲರೂ ಕಾಫಿ ಕುಡಿಯುವಾಗ ನಾದಿನಿ ಕಾರ್ಲಾ ಕೇಳಿದಳು: "ಏನತ್ತಿಗೆ, ನಿಮ್ ಕಂಪನಿ ಬಾಗಿಲು ಹಾಕ್ತಾ? ಲೇಬರ್ ಡೇ ಆದ್ಮೇಲೆ ಪೇಜಲ್ಲಿ ಏನೂ ಕಾಣ್ತಿಲ್ಲ."

"ಏನು ಮಾತಾಡ್ತೀಯೇ! ವಾರಕ್ಕೈದು ಹಾಕ್ತೀವಿ."

"ಎಲ್ಲಿಗೆ ಹಾಕ್ತೀರಿ, ಕಸದ ಬುಟ್ಟಿಗಾ?"

ಲೋರ್ನಾ ಫೋನು ತೆರೆದಳು. ಕೊನೆಯ ಪೋಸ್ಟು ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಯದು. ಈಗ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಊರೆಲ್ಲ ಟರ್ಕಿ ಕೋಳಿ ಕೊಳ್ಳುತ್ತಿದೆ.

ಸೋಮವಾರ ಸಭೆಗೆ ಮೊದಲೇ ಡೆರಿಕ್‌ನನ್ನು ಹಿಡಿದಳು. ಸುರಕ್ಷತೆ ಎಂದು ಅವನು ಸೆಪ್ಟೆಂಬರಿನಲ್ಲಿ ಪೇಜಿನ ಪಾಸ್‌ವರ್ಡ್ ಬದಲಿಸಿದ್ದ. ಪ್ರೋಗ್ರಾಮಿಗೆ ಹೊಸದನ್ನು ಕೊಟ್ಟಿರಲಿಲ್ಲ. ಅಂದಿನಿಂದ ಅದು ಬಾಗಿಲ ಹೊರಗೇ ನಿಂತಿತ್ತು.

"ಅಲ್ಲ ಡೆರಿಕ್, ಪೋಸ್ಟೇ ಹೋಗಿಲ್ಲ ಅಂದ್ಮೇಲೆ ಈ ಲೈಕುಗಳು ಎಲ್ಲಿಂದ ಬಂದ್ವು?"

ಡೆರಿಕ್ ಕತ್ತು ತುರಿಸಿಕೊಂಡ. "ವಾರಾವಾರಾ ಯಾರು ತುಂಬ್ತಾರೆ ಅಂತ ಫಾರ್ಮುಲಾ ಹಾಕಿ ಕೆಳಗಡೆ ಎಳೆದ್ಬಿಟ್ಟೆ. ವಾರಕ್ಕಿಷ್ಟು ಏರ್ತಾ ಹೋಗತ್ತೆ."

"ಕ್ರಿಸ್‌ಮಸ್ ವಾರದ ಲೈಕೂ ಆಗ್ಲೇ ಬಂದು ಕೂತಿದೆಯಲ್ಲಪ್ಪಾ!"

"ಸ್ವಲ್ಪ ಜಾಸ್ತಿ ಎಳೆದೆ ಅನ್ಸತ್ತೆ."

ಹುಟ್ಟದ ಕೂಸಿಗೆ ಕುಲಾವಿ ಹೊಲಿಯುವವರನ್ನು ಕಂಡಿದ್ದೇವೆ. ಈ ಪುಣ್ಯಾತ್ಮ ಆ ಕೂಸಿಗೆ ಹಲ್ಲು ಬಂದದ್ದನ್ನೂ ಬರೆದಿಟ್ಟಿದ್ದ.

ಅಷ್ಟರಲ್ಲಿ ಒಡತಿಯೇ ಬಂದಳು. ಎಂಬತ್ತು ದಾಟಿದ ಹೆನ್ರಿಯೆಟ್ಟಾ ಟೆರ್‌ಹಾರ್ ಅದುವರೆಗೆ ಈ ಸಭೆಗೆ ಬಂದದ್ದೇ ಇಲ್ಲ. ಕೋಲೂರಿಕೊಂಡು ನಿಂತು ಗೋಡೆಯನ್ನು ದಿಟ್ಟಿಸಿದಳು.

"ನನ್ ಮೊಮ್ಮಗ ಹೇಳ್ತಾನೆ, ನಮ್ ಪೇಜಲ್ಲಿ ಸೆಪ್ಟೆಂಬರಿಂದೀಚೆ ನೊಣಾನೂ ಕೂತಿಲ್ವಂತೆ. ಇಲ್ಲಿ ನೋಡಿದ್ರೆ ಎಲ್ಲಾ ಹಸಿರು. ಯಾವುದಯ್ಯಾ ನಿಜ?"

ಡೆರಿಕ್‌ನ ಬೆರಳು ಗೋಡೆಯ ಮೇಲೆ ಮೆಲ್ಲಗೆ ಸರಿಯಿತು. 'ಬರೆಯುವವರು' ಎಂಬ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೆ ಲೋರ್ನಾ, ಲೋರ್ನಾ, ಲೋರ್ನಾ. 'ಪರಿಶೀಲನೆ' ಎಂಬಲ್ಲಿ ಅವನದೇ ಹೆಸರಿತ್ತು. ಅತ್ತ ಬೆರಳು ಹೋಗಲಿಲ್ಲ. ಲೋರ್ನಾಗೆ ವೆಂಡೆಲ್ ಮೆಟ್ಟಿಲು ಹತ್ತಲಾರದೆ ಕೈಯೂರಿ ಕೂರುವುದು ಕಣ್ಣಿಗೆ ಬಂತು. ಬಾಯಿ ತಾನಾಗಿ ತೆರೆಯಿತು.

"ಎರಡೂ ನಿಜ. ಎಲ್ಲಾ ಬರೆದಿಟ್ಟಿದ್ವಿ, ಬೇಕಂತಲೇ ಹಾಕ್ಲಿಲ್ಲ."

"ಬೇಕಂತಲೇ?"

"ಎಲ್ಲರೂ ಕೂಗಾಡೋ ಸಂತೇಲಿ ಒಬ್ಬ ಸುಮ್ನೆ ನಿಂತ್ರೆ ಜನ ಅವನ್ನೇ ನೋಡ್ತಾರೆ. ಒಳ್ಳೆ ಉಪ್ಪಿನಕಾಯಿ ತನ್ನ ತಾನೇ ಹೊಗಳ್ಕೊಳ್ಳಲ್ಲ, ತಟ್ಟೇಲಿ ಕೂತಿರತ್ತೆ. ಕೈ ತಾನಾಗೇ ಅಲ್ಲಿಗೆ ಹೋಗತ್ತೆ. ಈ ಸಲದ ಮಾರಾಟ ನೀವೇ ನೋಡಿ."

ಮಾರಾಟ ಏರಿದ್ದು ನಿಜವೇ. ಫುಟ್‌ಬಾಲ್ ಸೀಸನ್ನು, ಮನೆಮನೆಯಲ್ಲೂ ಉಪ್ಪಿನಕಾಯಿ ಇಟ್ಟ ಹ್ಯಾಂಬರ್ಗರು. ಮೇಲಾಗಿ ಎದುರಾಳಿ ಕಂಪನಿ ಬೆಲೆ ಏರಿಸಿತ್ತು. ಲೋರ್ನಾಗೆ ಅದು ಗೊತ್ತಿತ್ತು. ವರ್ಷಗಟ್ಟಲೆ ಡೆರಿಕ್‌ನ ಇಂಥ ಮಾತುಗಳನ್ನು ಹಿಂದೆ ನಿಂತು ಅಣಕಿಸಿದವಳು ಈಗ ಅವನಿಗಿಂತ ಚೆನ್ನಾಗಿ ಬೊಗಳೆ ಬಿಟ್ಟಿದ್ದಳು. ಡೆರಿಕ್ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಚುರುಕಾಗಿ, ಯಾರೂ ಗಮನಿಸುವ ಮೊದಲೇ ಲೈಕುಗಳ ಕಾಲಂ ಅಳಿಸಿಹಾಕಿದ.

ಮುದುಕಿ ಕೋಲು ಕುಟ್ಟಿ ನಕ್ಕಳು. "ನಮ್ಮಪ್ಪನೂ ಬಾಯಿ ಬಿಡದೇ ಉಪ್ಪಿನಕಾಯಿ ಮಾರಿದ್ದು ಕಣೇ! ಈ ಆಫೀಸಲ್ಲಿ ಮೊದಲ್ನೇ ಸಲ ಒಂದು ಬುದ್ಧಿಮಾತು ಕೇಳ್ದೆ."

ಆ ವಾರವೆಲ್ಲ ಲೋರ್ನಾ ಬೀಗಿದಳು. ಮೂರ್ಖರನ್ನು ಗೆಲ್ಲುವುದು ಇಷ್ಟು ಸಲೀಸು ಎಂದು ವೆಂಡೆಲ್ ಮುಂದೆ ಹೇಳಿಕೊಂಡು ನಕ್ಕಳು. ಶುಕ್ರವಾರ ಹೆನ್ರಿಯೆಟ್ಟಾ ತನ್ನ ಕೋಣೆಗೆ ಕರೆಸಿದಳು. ಡೆರಿಕ್ ಆಗಲೇ ಅಲ್ಲಿ ಕೂತಿದ್ದ, ತೊಡೆಯ ಮೇಲೆ ಲ್ಯಾಪ್‌ಟಾಪ್. ಹೊಸ ವರ್ಷದ ಶೀಟು ಸಿದ್ಧವಾಗಿತ್ತು. ಪ್ರತಿ ಸಾಲಿನಲ್ಲೂ 'ಮೌನ'. ಪ್ರತಿ ಸಾಲೂ ಹಸಿರು.

"ನೀನು ಹೇಳಿದ್ದನ್ನ ಯೋಚ್ನೆ ಮಾಡ್ದೆ," ಎಂದಳು ಮುದುಕಿ. "ಸುಮ್ಮನಿದ್ರೇ ವ್ಯಾಪಾರ ಆಗತ್ತೆ ಅಂದ್ಮೇಲೆ ಬರೆಯೋಕೆ ಜನ ಯಾಕೆ? ಡಿಸೆಂಬರ್ ಕೊನೇ ತನಕ ಇರು. ಬೇಜಾರು ಮಾಡ್ಕೋಬೇಡ."

ಲೋರ್ನಾ ಒಡತಿಯನ್ನು ಕೇಳಿದಳು: "ಹಾಗಾದ್ರೆ ಡೆರಿಕ್?"

"ಸುಮ್ಮನಿರೋದನ್ನೂ ಯಾರಾದ್ರೂ ನೋಡ್ಕೋಬೇಕಲ್ಲ," ಎಂದ ಡೆರಿಕ್. ಅವನು ತಮಾಷೆ ಮಾಡುತ್ತಿರಲಿಲ್ಲ.

ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಪಾಸ್‌ವರ್ಡ್, ಪ್ರೋಗ್ರಾಂ, ನೋಡದೆ ಬಳಿದ ಹಸಿರು, ಕ್ರಿಸ್‌ಮಸ್ಸಿನ ಲೈಕು. "ಮೌನವೂ ಇಲ್ಲ, ಮಣ್ಣೂ ಇಲ್ಲ. ನಾವಿಬ್ರೂ ನಿದ್ದೆ ಮಾಡ್ತಿದ್ವಿ. ಸೋಮವಾರ ನಾನು ಹೇಳಿದ್ದು ಹಸೀ ಸುಳ್ಳು."

ಡೆರಿಕ್ ಲ್ಯಾಪ್‌ಟಾಪನ್ನು ಒಡತಿಯ ಕಡೆ ತಿರುಗಿಸಿದ. ಸೆಪ್ಟೆಂಬರಿನಿಂದೀಚಿನ ಸಾಲುಗಳಲ್ಲೂ ಈಗ 'ಮೌನ' ಎಂದೇ ಇತ್ತು. "ಮೊದಲಿಂದಲೂ ಪ್ಲಾನಲ್ಲೇ ಇತ್ತು ಮೇಡಂ," ಎಂದ.

ಹೆನ್ರಿಯೆಟ್ಟಾ ಕನ್ನಡಕ ಏರಿಸಿ ಶೀಟನ್ನು ನೋಡಿದಳು, ಆಮೇಲೆ ಲೋರ್ನಾಳನ್ನು. ಅವಳ ಮುಖದಲ್ಲಿ ಕನಿಕರವೇ ಇತ್ತು.

"ಕೆಲಸ ಹೋಗತ್ತೆ ಅಂತ ಈಗ ಸುಳ್ಳು ಹೇಳ್ಬೇಡ ಕಣೇ, ನಿನಗದು ಒಪ್ಪಲ್ಲ. ಅವತ್ತು ಎಷ್ಟು ಚೆನ್ನಾಗಿ ನಿಜ ಹೇಳಿದ್ದೆ!"

ಲೋರ್ನಾ ಕಾರಿನಲ್ಲಿ ಕೂತು ಆಸ್ಪತ್ರೆಗೆ ಫೋನು ಮಾಡಿ, ಆಪರೇಷನ್ ಡಿಸೆಂಬರಿನಲ್ಲೇ ಮಾಡಿಬಿಡಿ ಎಂದು ಬೇಡಿದಳು. ಜಾಗವಿಲ್ಲ ಎಂದರು. ಮನೆಯಲ್ಲಿ ವೆಂಡೆಲ್ ಎಲ್ಲ ಕೇಳಿಸಿಕೊಂಡ.

"ಇದ್ದದ್ದು ಇದ್ದ ಹಾಗೆ ಹೇಳಿಬಿಡ್ಬಾರ್ದಿತ್ತಾ?"

"ಹೇಳ್ದೆ," ಎಂದಳು ಲೋರ್ನಾ. "ಇಷ್ಟು ವರ್ಷ ನಾನು ಹೇಳಿದ್ದರಲ್ಲಿ ಅವರು ನಂಬಿದ್ದು ಆ ಸುಳ್ಳೊಂದನ್ನೇ. ಅದನ್ನ ಈಗ ಕೇಳಿದ್ರೂ ವಾಪಸ್ ಕೊಡ್ತಿಲ್ಲ."