ಸೋರಿಕೆಯ ಗುರುತು

ಬಚ್ಚಲಿನಲ್ಲಿ ಮಡಿವಾಳಪ್ಪ ಗಂಟಲು ಕೆರೆಯುವುದು ನಿಲ್ಲಲಿ ಎಂದು ಲಿಯೋ ಚಹಾದ ಲೋಟ ಹಿಡಿದುಕೊಂಡೇ ಕಾದ. ನಿಲ್ಲಲಿಲ್ಲ. ಕೆರೆತ, ಉಗುಳು, ನಲ್ಲಿಯ ಸದ್ದು, ಒಂದು ಕ್ಷಣ ಮೌನ. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಕೆರೆತ. ಗಲ್ಫಿನ ಮುಸಫ್ಫಾದ ಶಾಬಿಯಾ ಬಡಾವಣೆಯಲ್ಲಿ ಗೋಡೆಗಳು ತೆಳು. ಶುಕ್ರವಾರ ಬೆಳಿಗ್ಗೆ ಈ ಮನೆಯ ಮಗ್ಗುಲಿನವರಿಗೆ ಅಲಾರಂ ಬೇಕಾಗಿರಲಿಲ್ಲ.

ಲಿಯೋ ಕಂಪನಿಯ ಸೇಫ್ಟಿ ಆಫೀಸರ್. ಮಂಗಳೂರಿನವನು, ಮೆತ್ತಗಿನ ಮನುಷ್ಯ. ಆದರೆ ಅವನ ಮಡಿಲಲ್ಲಿದ್ದ ಫೈಲು ಮೆತ್ತಗಿನದಾಗಿರಲಿಲ್ಲ. ಅದರೊಳಗಿನ ಒಂದು ಹಾಳೆಗೆ ಮಡಿವಾಳಪ್ಪ ಸಹಿ ಹಾಕಿಬಿಟ್ಟರೆ ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿದ ವೆಲ್ಡರ್ ಖಾಯಂ ಆಗಿ ಸ್ಟೋರ್ ಅಸಿಸ್ಟೆಂಟ್ ಆಗುತ್ತಿದ್ದ.

"ರೊಟ್ಟಿ ತಗೋರಿ ಲಿಯೋ ಸರ್ರ, ಆರಿ ಹೊಕ್ಕಾವು" ಎಂದು ಮಡಿವಾಳಪ್ಪನ ಹೆಂಡತಿ ಚನ್ನಬಸವ್ವ ತಟ್ಟೆ ಇಟ್ಟಳು. ರೊಟ್ಟಿಯ ಅಂಚಿಗೆ ಒಂದು ಚಮಚ ರಂಜಕ. ಗದಗಿನ ತವರಿನಲ್ಲಿ ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆಹುಳಿ ಹಾಕಿ ಅರೆದು, ಪಿಂಗಾಣಿ ಭರಣಿಯಲ್ಲಿ ತುಂಬಿ, ಭರಣಿಯನ್ನು ಸೀರೆಯಲ್ಲಿ ಸುತ್ತಿ ಅವಳೇ ವಿಮಾನದಲ್ಲಿ ತಂದದ್ದು. ಈ ಸೀಮೆಯಲ್ಲಿ ಅಂಥ ರಂಜಕ ಇನ್ನೊಬ್ಬರ ಮನೆಯಲ್ಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದವರಿಗೆ ತಿಳಿಸುತ್ತಲೂ ಇದ್ದಳು.

ಲಿಯೋ ಒಂದು ತುತ್ತು ತಿಂದು ಕಣ್ಣೊರೆಸಿಕೊಂಡ. "ಎಂತ ಖಾರ ಅಕ್ಕ ಇದು, ಕಿವಿಯಲ್ಲಿ ಹೊಗೆ ಬರುದು ಮಾತ್ರ ಬಾಕಿ."

"ಖಾರ ಕಫಾ ಕಡೀತೈತ್ರಿ. ನಮ್ಮನಿಯವ್ರಿಗೆ ದಿನಾ ರಾತ್ರಿ ಊಟಕ್ಕ ಎರಡು ಚಮಚ ಹಾಕ್ತೀನಿ. ಈಚೀಚಿಗೆ ಮೂರು."

ಮಡಿವಾಳಪ್ಪ ಮುಖ ಒರೆಸಿಕೊಳ್ಳುತ್ತ ಬಂದು ಕೂತ. ಐವತ್ತೆರಡರ ಗಟ್ಟಿ ಆಳು, ಮುಂಗೈ ತುಂಬ ಕಿಡಿ ಸಿಡಿದ ಹಳೆಯ ಚುಕ್ಕೆಗಳು. ಎರಡು ವರ್ಷದಿಂದ ಅವನ ಗಂಟಲಿನಲ್ಲಿ ಅಂಟಿನಂಥ ಕಫ ಕೂತಿತ್ತು. ಕೆಲವು ರಾತ್ರಿ ಗಂಟಲು ಮುಚ್ಚಿಕೊಂಡು, ಉಸಿರಿಗಾಗಿ ಎದ್ದು ಕೂರುತ್ತಿದ್ದ. ಎದೆಯ ಎಕ್ಸ್‌ರೇ ಚೆನ್ನಾಗಿತ್ತು, ಕೊಳವೆಯೊಳಗೆ ಊದಿಸಿ ನೋಡಿದ ಪರೀಕ್ಷೆಯೂ ಚೆನ್ನಾಗಿತ್ತು. ಆದರೂ ಕಂಪನಿಯ ಡಾಕ್ಟರು, ವೆಲ್ಡರ್ ಅಂದಮೇಲೆ ಹೊಗೆಯಲ್ಲದೆ ಇನ್ನೇನು ಎಂದು ಮಾರ್ಚ್ ಇಪ್ಪತ್ತನಾಲ್ಕರಂದು ಅವನನ್ನು ಸ್ಟೋರಿಗೆ ಕಳಿಸಿದ್ದರು. ಅಂದಿನಿಂದ ಅವನು ಬೇರೆಯವರಿಗೆ ಗ್ರೈಂಡರಿನ ಡಿಸ್ಕು, ಕೈಗವಸು ಎಣಿಸಿ ಕೊಡುತ್ತಿದ್ದ. ಆರು ತಿಂಗಳು ಬೆಸುಗೆ ಹಾಕದಿದ್ದರೆ ವೆಲ್ಡರನ ಅರ್ಹತೆಯ ಕಾರ್ಡು ಸತ್ತ ಹಾಗೆ. ಈ ವಯಸ್ಸಿನಲ್ಲಿ, ಡಾಕ್ಟರರ ಷರಾ ಇಟ್ಟುಕೊಂಡು, ಹೊಸ ಕಾರ್ಡು ಯಾವ ಕಂಪನಿಯೂ ಮಾಡಿಸಿಕೊಡುವುದಿಲ್ಲ. ಈಗ ಆಗಸ್ಟ್ ಮೊದಲ ವಾರ.

"ನಂಗೆ ಬೇಜಾರುಂಟು ಅಣ್ಣ" ಎಂದ ಲಿಯೋ. "ಆದ್ರೆ ನಿಮ್ಮ ಎದೆಗೆ ಏನಾದ್ರೂ ಆದ್ರೆ ನಾಳೆ ನಾನು ಎಂತ ಉತ್ತರ ಕೊಡುದು? ಹೊಗೆ ಅಲ್ಲ ಅಂತ ನೀವು ಹೇಳ್ತೀರಿ. ಮತ್ತೆ ಯಾವುದು ಅಂತ ಹೇಳ್ಬೇಕಲ್ಲ."

ಮಾತಿಗೆ ಸಿಕ್ಕಿಬಿದ್ದಾಗಲೆಲ್ಲ ಮಡಿವಾಳಪ್ಪ ರುವೈಸ್ ಸೈಟಿನ ಕತೆ ತೆಗೆಯುತ್ತಿದ್ದ, ಈಗಲೂ ತೆಗೆದ. ಹನ್ನೊಂದು ವರ್ಷದ ಹಿಂದಿನ ಮಾತು. ಹೊಸ ಪೈಪ್‌ಲೈನಿಗೆ ನೀರು ತುಂಬಿ ಒತ್ತಡ ಕೊಟ್ಟಿದ್ದರು, ಗೇಜಿನ ಮುಳ್ಳು ಇಳಿಯುತ್ತಲೇ ಇತ್ತು, ಎಲ್ಲೋ ಸೋರುತ್ತಿತ್ತು. ಒಂದೊಂದೇ ವಾಲ್ವು ಮುಚ್ಚಿ, ಮುಳ್ಳು ನಿಲ್ಲುತ್ತದೋ ನೋಡಿ, ಸಾಲದ್ದಕ್ಕೆ ಬಿಸಿಲಿನಲ್ಲಿ ಮುನ್ನೂರು ಮೀಟರು ಬಟ್ಟೆ ಹಿಡಿದು ಪೈಪು ಸವರಿಕೊಂಡು ಹೋಗಿ, ಮಡಿವಾಳಪ್ಪನೇ ಬೆವರಿನಷ್ಟು ಸಣ್ಣ ಆ ಹನಿಯನ್ನು ಹಿಡಿದ. ಬೆಸುಗೆಯ ಪಕ್ಕ ಕೊರೆದಿದ್ದ ಗುರುತು ನೋಡಿದರೆ W-17. ಅವನದೇ ನಂಬರು. ಸೋರಿಕೆ ಕಂಡವನು ಹಳದಿ ಮಾರ್ಕರಿನಲ್ಲಿ ಸುತ್ತು ಹಾಕಿ, ತನ್ನ ನಂಬರು ಬರೆಯಬೇಕು. ಅದು ಅಲ್ಲಿನ ನಿಯಮ. ಸುಮ್ಮನೆ ಬೇರೆಯವರಿಗೆ ಹೇಳಿ ಬರೆಸು ಎಂದು ಫೋರ್ಮನ್ ಕಿವಿಯಲ್ಲಿ ಉಸುರಿದ್ದ. ಮಡಿವಾಳಪ್ಪ ಸುತ್ತು ಹಾಕಿ, ಕೆಳಗೆ ದೊಡ್ಡದಾಗಿ W-17 ಎಂದು ಬರೆದ. ಮಾಡಿದವನ ನಂಬರೂ ಅದೇ, ಹಿಡಿದವನ ನಂಬರೂ ಅದೇ.

ಚನ್ನಬಸವ್ವ ಈ ಕತೆಯನ್ನು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಮುಂದಿನ ಮಾತು ಯಾವುದು, ಎಲ್ಲಿ ಅವನು ಕೆಮ್ಮುತ್ತಾನೆ ಎಂಬುದೂ ಗೊತ್ತಿತ್ತು. ಇವತ್ತು ಮಾತ್ರ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಲಿಯೋ ಸರ್ರ, ನಾ ಒಂದು ಕೇಳ್ಲ್ಯಾ? ಹೊಗಿ ಅನ್ನೋ ವಾಲ್ವ್ ಮುಚ್ಚಿ ನಾಕು ತಿಂಗಳ ಮ್ಯಾಲಾತು. ಮುಳ್ಳು ಇನ್ನೂ ಇಳ್ಯಾಕತ್ತೈತಿ. ಅಂದ್ರ ಸೋರಿಕಿ ಅಲ್ಲಿಲ್ಲ. ಹೌದಿಲ್ರಿ?"

ಲಿಯೋ ರೊಟ್ಟಿ ಕೆಳಗಿಟ್ಟ. ಮಡಿವಾಳಪ್ಪ ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಹಳೇ ಹೊಗೆ ಒಳಗೆ ಕೂತಿರ್ಬಹುದು ಅಕ್ಕ."

"ಕೂತಿದ್ರ ದಿನಾ ಒಂದಿಷ್ಟು ಕಡಿಮಿ ಆಗ್ಬೇಕಲ್ರಿ. ಆಗವಲ್ದು. ಇನ್ನ ಕೇಳ್ರಿ, ರಜಾ ಇರೂ ಶುಕ್ರವಾರ ಮುಂಜಾನೇನ ಭಾಳ. ಈ ಹಾಳಿ ನೀವು ಇನ್ನಷ್ಟು ದಿವಸ ಚೀಲದಾಗ ಇಟ್ಕೋರಿ."

ಲಿಯೋ ಫೈಲನ್ನು ಮುಚ್ಚಿದ. "ಸೆಪ್ಟೆಂಬರ್ ಇಪ್ಪತ್ತರ ತನಕ ಇಡ್ತೇನೆ. ಆಮೇಲೆ ನನ್ನ ಕೈಯಲ್ಲಿ ಇಲ್ಲ."

ಮರುದಿನದಿಂದ ಚನ್ನಬಸವ್ವ ಲೆಕ್ಕ ಶುರುಮಾಡಿದಳು. ಮುಂಜಾನೆ ನಾಲ್ಕೂಕಾಲಿಗೆ ಮಡಿವಾಳಪ್ಪ ಬಚ್ಚಲಿಗೆ ಹೋದಾಗ ಅಡುಗೆಮನೆಯಲ್ಲಿ ನಿಂತು ಕೆರೆತ ಎಣಿಸುವುದು, ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ತಾರೀಖಿನ ಮನೆಯೊಳಗೆ ಬರೆಯುವುದು; ವಾರಕ್ಕೊಂದು ವಸ್ತು ನಿಲ್ಲಿಸಿ ಅದರ ಹೆಸರನ್ನೂ ಬರೆಯುವುದು. ಮೊದಲ ದಿನ ಮೂವತ್ತೊಂದು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಆ ಮನುಷ್ಯ ಹಟಕ್ಕೆ ಬಿದ್ದು ಕೆಮ್ಮನ್ನು ಬಿಗಿಹಿಡಿದು ಕೂರುತ್ತಾನೆ, ಲೆಕ್ಕ ಕೆಡುತ್ತದೆ.

ಮೊದಲ ವಾರ ಕೌದಿ. ಅತ್ತೆ ಹಳೆಯ ಸೀರೆ ಹೊಲಿದು ಮಾಡಿಕೊಟ್ಟ ಕೌದಿಯನ್ನು ಒಗೆಯಬೇಕೆಂದು ತೆಗೆದು, ಅಂಗಡಿಯ ಬ್ಲಾಂಕೆಟ್ ಕೊಟ್ಟಳು. ಮೂವತ್ತು, ಮೂವತ್ತಮೂರು, ಮೂವತ್ತು. ಎರಡನೇ ವಾರ ಪೂಜೆಯ ಲೋಬಾನ, ಊದುಬತ್ತಿ ನಿಲ್ಲಿಸಿದಳು. ಲಿಂಗಯ್ಯ ಬರೀ ಹೂವಿಗೂ ಒಲಿಯುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಕಮ್ಮಿಯಾಗಲಿಲ್ಲ. ಮೂರನೇ ವಾರ ಎ.ಸಿ. ಬಿಚ್ಚಿಸಿ ತೊಳೆಸಿದಳು. ಕೆಸರಿನಂಥ ನೀರು ಬಂತು, ಇದೇ ಇರಬೇಕು ಎಂದು ಖುಷಿಪಟ್ಟಳು. ಇಪ್ಪತ್ತೊಂಬತ್ತು, ಮೂವತ್ತೆರಡು. ನಾಲ್ಕನೇ ವಾರ ಮಲಗುವಾಗಿನ ಅರಿಶಿನದ ಹಾಲು ತಪ್ಪಿಸಿದಳು, ಆಗಲೂ ಅಷ್ಟೇ.

ಹನ್ನೊಂದನೇ ಕ್ಲಾಸಿನ ಮಗಳು ಪ್ರತೀಕ್ಷಾ ಕ್ಯಾಲೆಂಡರ್ ನೋಡಿದವಳೇ ವಿಷಯ ಹಿಡಿದಳು. "ಮಮ್ಮಿ, ಒನ್ ವೇರಿಯೇಬಲ್ ಅಟ್ ಎ ಟೈಮ್. ವೆರಿ ಗುಡ್. ಹೂ ಟಾಟ್ ಯು?"

"ನಿಮ್ಮಪ್ಪ ಹನ್ನೊಂದು ವರ್ಷದಿಂದ ಅದನ್ನ ಹೇಳ್ತಾನವ್ವ. ಊಟಕ್ಕ ಕುಂತಾಗೊಮ್ಮೆ."

"ಸೋ ವಾಟ್ಸ್ ಲೆಫ್ಟ್?"

ಚನ್ನಬಸವ್ವ ಹಿಟ್ಟು ನಾದುವುದಕ್ಕೆ ತಿರುಗಿದಳು. ಮನೆಯಲ್ಲಿ ಮುಚ್ಚದೆ ಉಳಿದ ವಾಲ್ವು ಯಾವುದೆಂದು ಅವಳಿಗೆ ಎರಡು ದಿನದಿಂದ ಗೊತ್ತಿತ್ತು. ಅದು ಕಟ್ಟೆಯ ಮೇಲೆ, ಬಿಳಿ ಬಟ್ಟೆ ಕಟ್ಟಿಕೊಂಡು ಕೂತಿತ್ತು. ಗುರುವಾರ ಸಂಜೆ ರಜೆಯ ಖುಷಿಗೆ ಎಣ್ಣೆಗಾಯಿ, ರೊಟ್ಟಿ, ಮೂರು ಚಮಚ ರಂಜಕ, ಮೇಲೆ ನಾಲ್ಕು ಎಸಳು ಹಸಿ ಬೆಳ್ಳುಳ್ಳಿ. ಒಂಬತ್ತಕ್ಕೆ ಊಟ, ಒಂಬತ್ತೂಕಾಲಿಗೆ ಹಾಸಿಗೆ. ಶುಕ್ರವಾರ ಮುಂಜಾನೆ ಎಲ್ಲಕ್ಕಿಂತ ಹೆಚ್ಚು. ಕಫ ಹೆಚ್ಚಾದಂತೆ ಚಮಚ ಹೆಚ್ಚಿಸಿದವಳು ಅವಳೇ. ಆ ಯೋಚನೆ ಬಂದಾಗ ಅವಳಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ತನ್ನ ತಾಯಿ, ತಾಯಿಯ ತಾಯಿ ಅರೆದದ್ದು ಯಾರಿಗೂ ಕೇಡು ಮಾಡಿರಲಿಲ್ಲ. ಒಂದು ಇಡೀ ದಿನ ಅವಳು ಆ ವಾಲ್ವನ್ನು ಮುಟ್ಟಲಿಲ್ಲ. ಆಮೇಲೆ ಭರಣಿಯನ್ನು ಕಪಾಟಿನ ಮೇಲಿನ ಖಾನೆಗೆ ಏರಿಸಿದಳು.

"ರಂಜಕ ಎಲ್ಲೈತಿ?" ಎಂದ ಮಡಿವಾಳಪ್ಪ.

"ಮುಗೀತ್ರಿ."

"ಮೂರು ಚಮಚ ಹಾಕಂದ್ರ ಭರಣೀನ ಖಾಲಿ ಮಾಡಿದ್ಯಾ?" ಎಂದು ಗೊಣಗಿ ಮೊಸರು ಕಲಸಿಕೊಂಡ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಕ್ಯಾಲೆಂಡರಿನಲ್ಲಿ ಇಪ್ಪತ್ತನಾಲ್ಕು, ಹತ್ತೊಂಬತ್ತು, ಹದಿನಾಲ್ಕು. ಆರನೇ ವಾರ ಅವಳು ಅವನು ಬಂದ ಕೂಡಲೇ, ಆರೂವರೆಗೆ, ತಟ್ಟೆ ಹಾಕಿಬಿಟ್ಟಳು. "ಇದೇನು ಆಸ್ಪತ್ರಿ ಊಟದ ಟೈಮು" ಎಂದು ಅವನು ಮತ್ತೆ ಗೊಣಗಿದ. ಒಂಬತ್ತು, ಆರು, ನಾಲ್ಕು. ರಾತ್ರಿ ಎದ್ದು ಕೂರುವುದು ನಿಂತಿತು. ಆದರೆ ಅವನು ಅದನ್ನು ಗಮನಿಸಿಯೇ ಇರಲಿಲ್ಲ. ನಿದ್ದೆ ಬಂದವನಿಗೆ ನಿದ್ದೆಯ ಲೆಕ್ಕ ತಿಳಿಯುವುದಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸೋರಿಕೆ ಸಿಕ್ಕಿತೆಂದ ಮೇಲೆ ವಾಲ್ವನ್ನು ಇನ್ನೊಮ್ಮೆ ತೆರೆದು, ಮುಳ್ಳು ಮತ್ತೆ ಇಳಿಯುತ್ತದೋ ನೋಡಬೇಕು ಎಂದು ಅವನೇ ಹೇಳುತ್ತಿದ್ದನಲ್ಲ. ಸೆಪ್ಟೆಂಬರಿನ ಎರಡನೇ ಗುರುವಾರ ಅವಳು ಭರಣಿ ಕೆಳಗಿಳಿಸಿ, ಒಂಬತ್ತು ಗಂಟೆಗೆ ಎಣ್ಣೆಗಾಯಿಯ ಜೊತೆ ಮೂರು ಚಮಚ ಬಡಿಸಿದಳು.

"ಮುಗದೈತಿ ಅಂದಿದ್ದೆಲ್ಲ?"

"ತಳದಾಗ ಒಂದೀಟು ಉಳದಿತ್ರಿ."

"ಈಗ ಊಟ ಅನ್ಸ್ತು ನೋಡು" ಎಂದು ಅವನು ಮನಸ್ಸು ತುಂಬಿ ಉಂಡ.

ಬೆಳಿಗ್ಗೆ ಬಚ್ಚಲಿನಿಂದ ಮೊದಲ ಕೆರೆತ ಕೇಳಿತು. ಹತ್ತಾಯಿತು, ಹದಿನೈದಾಯಿತು. ಚನ್ನಬಸವ್ವ ಹಂಚಿನ ಮುಂದೆ ನಿಂತು ಎಣಿಸುತ್ತ ಕಣ್ಣೀರು ಹಾಕಿದಳು, ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಎಣಿಸಿದಳು. ಇಪ್ಪತ್ತೇಳು. ಕ್ಯಾಲೆಂಡರಿನಲ್ಲಿ ಬರೆದು, ಗೂಟಕ್ಕೆ ತೂಗಿದ್ದ ಗಂಡನ ಡ್ಯೂಟಿ ಅಂಗಿಯ ಜೇಬಿಗೆ ಕೈ ಹಾಕಿದಳು.

ಮಡಿವಾಳಪ್ಪ ಹೊರಬಂದಾಗ ಟೀಪಾಯಿಯ ಮೇಲೆ ಎರಡು ವಸ್ತುಗಳಿದ್ದವು. ಒಂದು ಗೋಡೆಯಿಂದ ಇಳಿಸಿದ ಕ್ಯಾಲೆಂಡರು. ಇನ್ನೊಂದು ಭರಣಿ. ಅದರ ಹೊಟ್ಟೆಯ ಮೇಲೆ ಹಳದಿ ಮಾರ್ಕರಿನ ಸುತ್ತು. ಸುತ್ತಿನ ಕೆಳಗೆ ಚನ್ನಬಸವ್ವ ಎಂದು ಬರೆದಿತ್ತು. ಅದರ ಕೆಳಗೆ ಇನ್ನೊಮ್ಮೆ, ಚನ್ನಬಸವ್ವ.

"ಸೋರಿಕಿ ಸಿಕ್ತ್ರಿ" ಎಂದಳು ಅವಳು. "ಮಾಡಿದಾಕಿನೂ ನಾನ. ಹಿಡದಾಕಿನೂ ನಾನ."

ಅವನು ಕ್ಯಾಲೆಂಡರನ್ನು ಕೈಗೆತ್ತಿಕೊಂಡು ಆಗಸ್ಟಿನಿಂದ ಒಂದೊಂದೇ ಮನೆಯ ಮೇಲೆ ಬೆರಳಿಟ್ಟು ಬಂದ. ಕೌದಿ, ಲೋಬಾನ, ಎ.ಸಿ., ಹಾಲು, ರಂಜಕ, ಊಟದ ಹೊತ್ತು. ಕೊನೆಯ ಇಪ್ಪತ್ತೇಳರ ಮೇಲೆ ಬೆರಳು ನಿಂತಿತು.

"ನಿನ್ನಿ ಬೇಕಂತ ಕೊಟ್ಟಿ?"

"ಹೂಂ. ತೆರದು ನೋಡ್ಬೇಕಲ್ರಿ."

ಮಡಿವಾಳಪ್ಪ ಭರಣಿಯನ್ನು ತಿರುಗಿಸಿ ಎರಡೂ ಹೆಸರು ಓದಿದ. ಆಮೇಲೆ, "ಏನ್ ಮಾಡಿದ್ರೂ ನಾ ಇದನ್ನ ಹಿಡೀತಿದ್ದಿಲ್ಲ" ಎಂದ. "ನಂಗ ಇದರ ಮ್ಯಾಲ ಅನುಮಾನನ ಬರ್ತಿದ್ದಿಲ್ಲ."

ಭಾನುವಾರ ಕಿವಿ-ಮೂಗು-ಗಂಟಲಿನ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮರಾ ಇಳಿಸಿ ನೋಡಿದರು. ಗಂಟಲಿನ ಹಿಂಭಾಗ ಕೆಂಪಗೆ ಬೆಂದಿತ್ತು. ಹೊಟ್ಟೆಯ ಹುಳಿ ಮಲಗಿದಾಗ ಮೇಲೇರಿ ಬರುತ್ತಿದೆ, ಎದೆಯುರಿ ಇಲ್ಲದೆಯೂ ಬರುತ್ತದೆ, ಆ ಉರಿ ತಡೆಯಲೆಂದೇ ಗಂಟಲು ಕಫ ಸುರಿಸುತ್ತದೆ ಎಂದರು. ಖಾರ, ಹಸಿ ಬೆಳ್ಳುಳ್ಳಿ ಕಮ್ಮಿ ಮಾಡಬೇಕು; ಊಟ ಮಾಡಿ ಮೂರು ತಾಸು ಮಲಗಬಾರದು; ಮಂಚದ ತಲೆಯ ಕಡೆ ಆರು ಇಂಚು ಎತ್ತರಿಸಬೇಕು. ಮಾತ್ರೆ ಬರೆದುಕೊಟ್ಟು, ಮಡಿವಾಳಪ್ಪ ಮುಂದಿಟ್ಟ ಕ್ಯಾಲೆಂಡರನ್ನು ಎರಡು ಸಲ ತಿರುವಿ ನೋಡಿ, ಇದನ್ನು ಯಾರು ಬರೆದದ್ದು ಎಂದು ಹಿಂದಿಯಲ್ಲಿ ಕೇಳಿದರು.

"ಮೇರಿ ಬೀವಿ" ಎಂದ ಮಡಿವಾಳಪ್ಪ, ಕುರ್ಚಿಯಲ್ಲಿ ನೆಟ್ಟಗಾಗಿ. "ಇನ್ಸ್‌ಪೆಕ್ಟರ್ ಹೈ."

ಲಿಯೋ ಡಾಕ್ಟರರ ಚೀಟಿ ಓದಿ, ಫೈಲಿನ ಹಾಳೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದ. "ಅಕ್ಕನಿಗೆ ಹೇಳಿ, ನನ್ನ ಡಿಪಾರ್ಟ್‌ಮೆಂಟಿನಲ್ಲಿ ಒಂದು ಜಾಗ ಖಾಲಿ ಉಂಟು ಅಂತ." ಕಾರ್ಡು ಸಾಯಲು ಎರಡು ದಿನ ಬಾಕಿ ಇರುವಾಗ ಮಡಿವಾಳಪ್ಪ ಮುಖಕ್ಕೆ ಶೀಲ್ಡು ಇಳಿಸಿ, ಪೈಪಿನ ಸುತ್ತ ಮಲಗಿ ಎದ್ದು ಒಂದು ಬೆಸುಗೆ ಪೂರೈಸಿದ. ಎಕ್ಸ್‌ರೇಯಲ್ಲಿ ಬೆಸುಗೆಯ ದೋಷದ ಒಂದು ಚುಕ್ಕೆಯೂ ಬರಲಿಲ್ಲ. ಅವನು ಅದನ್ನು ಯಾರಿಗೂ ದೊಡ್ಡದಾಗಿ ಹೇಳಿಕೊಂಡು ತಿರುಗಲಿಲ್ಲ. ವರ್ಕ್‌ಶಾಪಿನಲ್ಲಿ ಈಗ ಅವನು ಹೇಳುತ್ತಿದ್ದದ್ದು ಭರಣಿಯ ಕತೆ. ರುವೈಸಿನ ಕತೆಯನ್ನು ಕೇಳಿ ಕೇಳಿ ಬೇಸತ್ತಿದ್ದವರು ಇದಕ್ಕೆ ಚಹಾ ಬಿಟ್ಟು ಕೂರುತ್ತಿದ್ದರು.

ಆ ವಾರವೇ ಅವನು ಫೋರ್ಮನ್ನನ್ನು ಕೇಳಿ, ಬಿದ್ದಿದ್ದ ತುಂಡು ಪೈಪುಗಳಿಂದ ಆರು ಇಂಚಿನ ಎರಡು ಕಾಲು ಬೆಸೆದು ತಂದು ಮಂಚದ ತಲೆಯ ಕಡೆಗೆ ಕೊಟ್ಟ. ಮಂಚ ಮೇಲೆದ್ದು ನಿಂತಿತು. ಪ್ರತೀಕ್ಷಾ ಅದರ ಮೇಲೆ ಕೂತು, "ಸ್ಲೈಡ್ ಥರ ಇದೆ ಅಪ್ಪಾ" ಎಂದು ನಕ್ಕಳು.

ಶುಕ್ರವಾರ ಬೆಳಿಗ್ಗೆ ಮಂಚದಡಿ ಕಸ ಗುಡಿಸುತ್ತಿದ್ದಾಗ ಚನ್ನಬಸವ್ವನಿಗೆ ಆ ಕಬ್ಬಿಣದ ಕಾಲಿನ ಮೇಲೆ ಏನೋ ಕಂಡಿತು. ಮಂಡಿಯೂರಿ ಬಗ್ಗಿದಳು. ಬೆಸುಗೆಯ ಪಕ್ಕದಲ್ಲಿ, ಅಚ್ಚಿನ ಮೊಳೆಯಿಟ್ಟು ಸುತ್ತಿಗೆಯಿಂದ ಹೊಡೆದ W-17. ಅದರ ಕೆಳಗೆ, ಪರೀಕ್ಷೆ ಮಾಡಿದವರ ಗುರುತಿರುವ ಜಾಗದಲ್ಲಿ, ಒಂದೊಂದಾಗಿ ಹೊಡೆದ ಹದಿಮೂರು ಇಂಗ್ಲಿಷ್ ಅಕ್ಷರ. ಜಾಗ ಸಾಲದೆ ಕೊನೆಯ A ಅಂಚಿಗೆ ಒತ್ತರಿಸಿಕೊಂಡಿತ್ತು. ಅವಳು ಕಸಬರಿಗೆ ಕೆಳಗಿಟ್ಟು, ತನ್ನ ಹೆಸರಿನ ಒಂದೊಂದು ಅಕ್ಷರದ ಮೇಲೂ ಬೆರಳು ಎಳೆದಳು.

ಬಚ್ಚಲಿನಲ್ಲಿ ನಲ್ಲಿ ನಿಂತಿತು. ಅಭ್ಯಾಸದಿಂದ ಅವಳ ಕಿವಿ ಅತ್ತ ತಿರುಗಿತು. ಮಡಿವಾಳಪ್ಪ ಮುಖ ಒರೆಸಿಕೊಳ್ಳುತ್ತ, ಏನೂ ಸದ್ದು ಮಾಡದೆ, ಬಾಗಿಲು ತೆರೆದು ಬಂದ.